ಮಾತ್ರೆ ಎಣಿಸುವವರು: ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಾವು ಗಮನಿಸದ ಒಂದು ಚರಿತ್ರೆ

ಇವತ್ತಿನ ಕಥೆ ಶುರುವಾಗೋದು ನಮ್ಮ ಮನೆಯ ಫ್ರಿಜ್ ಮೇಲಿದ್ದ ಒಂದು ಮಾತ್ರೆ ಡಬ್ಬಿಯಿಂದ.

ನಮ್ಮ ದೊಡ್ಡಮ್ಮನಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಆಸ್ಪತ್ರೆಗೆ ಸೇರಿಸಬೇಕಾಗಿರಲಿಲ್ಲ, ಮನೆಯಲ್ಲೇ ಕ್ಯಾಪೆಸಿಟಬಿನ್ ಮಾತ್ರೆ. ಬೆಳಿಗ್ಗೆ ಮೂರು, ರಾತ್ರಿ ಮೂರು, ಊಟವಾದ ಅರ್ಧ ಗಂಟೆಯೊಳಗೆ. 14 ದಿನ ತಗೋಬೇಕು, 7 ದಿನ ಬಿಡಬೇಕು. ಎರಡು ಸುತ್ತಿನ ಮಾತ್ರೆ ಒಟ್ಟಿಗೇ ತಂದಿದ್ವಿ. ಡಬ್ಬಿಯಲ್ಲಿ ಇನ್ನೂ ಇದೆಯಲ್ಲ ಅಂತ ದೊಡ್ಡಮ್ಮ 15ನೇ ದಿನವೂ ಮೂರು ನುಂಗಿದ್ರು. ಹನ್ನೊಂದು ಗಂಟೆಗೆ ಫೋನ್ ಬಂತು: "ಅಮ್ಮಾ, ನಿನ್ನೆಗೆ ಹದಿನಾಲ್ಕು ದಿನ ಆಯ್ತು. ಮಾತ್ರೆ ನಿಲ್ಲಿಸಿದ್ರಿ ತಾನೇ?"

ಫೋನ್ ಮಾಡಿದ್ದು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್. ಹೀಗೊಂದು ಕೆಲಸ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಇದು ಎಲ್ಲಿಂದ ಬಂತು ಅಂತ ಹುಡುಕಿದಾಗ ಅಮೆರಿಕಕ್ಕೆ ಹೋಗಬೇಕಾಯ್ತು.

1952ರಲ್ಲಿ ಅಮೆರಿಕದ ಫಾರ್ಮಸಿಸ್ಟರ ಸಂಘ ಒಂದು ನೀತಿ ಸಂಹಿತೆ ಮಾಡಿತ್ತು. ಅದರ ಪ್ರಕಾರ, ಚೀಟಿಯಲ್ಲಿರುವ ಔಷಧ ಏನು ಮಾಡುತ್ತೆ ಅಂತ ಫಾರ್ಮಸಿಸ್ಟ್ ರೋಗಿಯ ಜೊತೆ ಮಾತಾಡಬಾರದು. ಕೇಳಿದರೆ "ಡಾಕ್ಟರನ್ನ ಕೇಳಿ" ಅನ್ನಬೇಕು. ಅಂದ್ರೆ ಗೊತ್ತಿದ್ದವರ ಬಾಯಿಗೇ ಬೀಗ! ಎಣಿಸಿ ಕೊಡೋದು, ಅಷ್ಟೇ ಕೆಲಸ.

ಬೀಗ ತೆಗೆಯುವ ಒಂದು ದೊಡ್ಡ ಪ್ರಯತ್ನ ನಡೆದದ್ದು 1966ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯವರು ಒಂಬತ್ತನೇ ಮಹಡಿಯ ವಾರ್ಡ್ ಪಕ್ಕದಲ್ಲೇ ಫಾರ್ಮಸಿ ತೆರೆದರು. ನೆಲಮಾಳಿಗೆಯಲ್ಲಿ ಕೂರುವ ಬದಲು ಫಾರ್ಮಸಿಸ್ಟರು ಡಾಕ್ಟರ್, ನರ್ಸ್ ಜೊತೆಗೇ ಕೆಲಸ ಶುರುಮಾಡಿದರು. 1969ರಲ್ಲಿ ಸಂಘದ ಸಂಹಿತೆಯೂ ಬದಲಾಯ್ತು.

ಆದರೆ ಕ್ಯಾನ್ಸರ್ ವಿಭಾಗಗಳನ್ನು ಬೆಚ್ಚಿಬೀಳಿಸಿದ ಘಟನೆ ನಡೆದದ್ದು 1994ರಲ್ಲಿ, ಬಾಸ್ಟನ್‌ನಲ್ಲಿ. ಬೆಟ್ಸಿ ಲೇಮನ್ 'ಬಾಸ್ಟನ್ ಗ್ಲೋಬ್' ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಅಂಕಣ ಬರೆಯುತ್ತಿದ್ದವರು. 39 ವರ್ಷ, ಇಬ್ಬರು ಮಕ್ಕಳು, ಸ್ತನ ಕ್ಯಾನ್ಸರ್. ಡೇನಾ-ಫಾರ್ಬರ್ ಸಂಸ್ಥೆಯಲ್ಲಿ ಚಿಕಿತ್ಸೆ. ನಾಲ್ಕು ದಿನಕ್ಕೆ ಹಂಚಿ ಕೊಡಬೇಕಿದ್ದ ಸೈಕ್ಲೋಫಾಸ್ಫಮೈಡ್‌ನ ಒಟ್ಟು ಡೋಸ್ ಅನ್ನು, ಪ್ರತಿದಿನದ ಡೋಸ್ ಅಂದುಕೊಂಡು, ನಾಲ್ಕು ದಿನವೂ ಕೊಟ್ಟರು. ಡಿಸೆಂಬರ್ 3ರಂದು ಅವರು ತೀರಿಕೊಂಡರು. ಇನ್ನೊಬ್ಬ ಮಹಿಳೆಗೂ ಅದೇ ತಪ್ಪು ಡೋಸ್ ಹೋಗಿತ್ತು.

ತಪ್ಪು ಗೊತ್ತಾಗಿದ್ದು 1995ರ ಫೆಬ್ರವರಿಯಲ್ಲಿ, ಹಳೆಯ ದಾಖಲೆಗಳನ್ನು ಮಾಮೂಲಿಯಾಗಿ ಪರಿಶೀಲಿಸುವಾಗ! ನಾನು ಬಿ.ಕಾಂ. ಓದಿದವನು. ನಮ್ಮ ಲೆಕ್ಕಪತ್ರದ ಮೊದಲ ಪಾಠವೇ, ಬರೆದವನೇ ಪಾಸ್ ಮಾಡಬಾರದು, ಇನ್ನೊಬ್ಬರು ನೋಡಬೇಕು ಅಂತ. ಇಲ್ಲಿ ಡಾಕ್ಟರ್, ಫಾರ್ಮಸಿ, ನರ್ಸ್ ಮೂರೂ ಕಡೆ ಕಣ್ಣುಗಳಿದ್ದವು, ಆದರೆ ಯಾರೂ "ನಿಲ್ಲಿ" ಅನ್ನಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಗರಿಷ್ಠ ಡೋಸಿನ ಮಿತಿ ಬಂತು, ಫಾರ್ಮಸಿಸ್ಟರ ಪರಿಶೀಲನೆ ಬಿಗಿಯಾಯ್ತು. 1996ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಫಾರ್ಮಸಿ ಪ್ರತ್ಯೇಕ ಪರಿಣತಿಯಾಗಿ ಮಾನ್ಯತೆ ಪಡೆಯಿತು.

ಅಷ್ಟರಲ್ಲಿ ಚಿಕಿತ್ಸೆಯೇ ಮನೆಗೆ ಬರತೊಡಗಿತ್ತು. 1998ರಲ್ಲಿ ಕ್ಯಾಪೆಸಿಟಬಿನ್‌ಗೆ, 2001ರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿನ ಚಿತ್ರವನ್ನೇ ಬದಲಿಸಿದ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡೂ ಮಾತ್ರೆಗಳು. ಹೊರರೋಗಿಯಾಗಿ ಬಂದು, ಚೀಟಿ ತಗೊಂಡು ಬಸ್ ಹತ್ತಬಹುದು. ದೊಡ್ಡ ಅನುಕೂಲ. ಆದರೆ ಆಸ್ಪತ್ರೆಯ ಆ ಮೂರು ಜೊತೆ ಕಣ್ಣು ಬಸ್ ಹತ್ತಿ ಬರಲ್ಲವಲ್ಲ?

ಅಪಾಯ ಇರೋದು ಬರೀ ಮಾತ್ರೆ ಎಣಿಕೆಯಲ್ಲಲ್ಲ. ನಮ್ಮಲ್ಲಿ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಜೊತೆಗೆ ಸೇರಿದರೆ ಇಮ್ಯಾಟಿನಿಬ್ ರಕ್ತದಲ್ಲಿ ಸುಮಾರು ಮುಕ್ಕಾಲು ಭಾಗ ಕಡಿಮೆಯಾಗುತ್ತೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳೋರಿಗೆ ಕ್ಯಾಪೆಸಿಟಬಿನ್ ಸೇರಿದರೆ ರಕ್ತಸ್ರಾವ ಆಗಬಹುದು. ಕ್ಷಯಕ್ಕೊಬ್ಬ ಡಾಕ್ಟರ್, ಹೃದಯಕ್ಕೊಬ್ಬ ಡಾಕ್ಟರ್, ಕ್ಯಾನ್ಸರಿಗೊಬ್ಬರು. ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, "ಮತ್ತೇನೇನು ತಗೋತಿದ್ದೀರಿ? ನಾಟಿ ಔಷಧ ಏನಾದ್ರೂ?" ಅಂತ ಕೇಳೋದೇ ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ.

ನಮ್ಮಲ್ಲಿ? 1948ರ ಫಾರ್ಮಸಿ ಕಾಯ್ದೆಯಿಂದ ವೃತ್ತಿಗೆ ನೋಂದಣಿ ಬಂತು. 1990ರ ದಶಕದಲ್ಲಿ ಈ ವಿಷಯದ ಉನ್ನತ ಶಿಕ್ಷಣ ಮೊದಲು ಶುರುಮಾಡಿದವರಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜೂ ಒಂದು. 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ಬಂತು. 2015ರ ನಿಯಮಗಳಲ್ಲಿ ರೋಗಿಗೆ ತಿಳಿಹೇಳುವುದೂ ಫಾರ್ಮಸಿಸ್ಟರ ಕರ್ತವ್ಯ ಅಂತ ಬರೆದಿದೆ. ಆದರೂ ಅಷ್ಟು ಓದಿದವರನ್ನು ನಾವು ಇನ್ನೂ "ಮೆಡಿಕಲ್ ಶಾಪ್‌ನೋರು" ಅಂತಲೇ ಅಂದುಕೊಳ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ.

ದೊಡ್ಡಮ್ಮನಿಗೆ ಆ ದಿನ ಏನೂ ಆಗಲಿಲ್ಲ. ಫೋನ್ ಬರದಿದ್ದರೆ ರಾತ್ರಿ ಇನ್ನೂ ಮೂರು, ನಾಳೆ ಆರು. ಅಂಗೈ ಉರಿ, ಭೇದಿ, ಕುಸಿಯುವ ರಕ್ತಕಣ, ಎಲ್ಲಿಗೆ ಹೋಗಿ ನಿಲ್ತಿತ್ತೋ! ಮುಂದಿನ ಸಲ ಫಾರ್ಮಸಿಸ್ಟ್ ನಮ್ಮ ಗೋಡೆ ಕ್ಯಾಲೆಂಡರನ್ನೇ ತರಿಸಿಕೊಂಡು 14 ದಿನಕ್ಕೆ ಟಿಕ್, 7 ದಿನಕ್ಕೆ ಅಡ್ಡಗೆರೆ ಹಾಕಿಕೊಟ್ಟರು.

ನಿಮ್ಮ ಮನೆಯಲ್ಲಿ ಯಾರಾದ್ರೂ ಕ್ಯಾನ್ಸರ್ ಮಾತ್ರೆ ತಗೋತಿದ್ದರೆ, ಮುಂದಿನ ಸಲ ಓಪಿಡಿಗೆ ಹೋಗುವಾಗ ಚೀಟಿ ಮಾತ್ರ ಅಲ್ಲ, ಮನೆಯ ಎಲ್ಲ ಔಷಧದ ಡಬ್ಬಿಯನ್ನೂ ಒಯ್ಯಿರಿ. "ಇಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರಾ?" ಅಂತ ಕೇಳಿ. ಕೇಳೋರು ಹೆಚ್ಚಾದರೆ ಆ ಕುರ್ಚಿಯೂ ಬರುತ್ತೆ.