ಸ್ವಯಂವಹ ಚಕ್ರ: ಪಾಟಣೆಯ ಶಾಸನದಿಂದ ಕೈಗಾದವರೆಗೆ

ಕಲ್ಯಾಣ ಜಂಕ್ಷನ್ನಿನಿಂದ ಈಶಾನ್ಯಕ್ಕೆ ಹೊರಡುವ ರೈಲುಮಾರ್ಗವು ಕಸಾರಾ ಘಟ್ಟವನ್ನೇರಿ, ನಾಸಿಕ, ಮನಮಾಡಗಳನ್ನು ದಾಟಿ ಚಾಳೀಸಗಾಂವವನ್ನು ಮುಟ್ಟುತ್ತದೆ. ಅಲ್ಲಿಂದ ಕೆಲವು ಮೈಲಿಗಳ ದೂರದಲ್ಲಿ, ಬೆಟ್ಟಗಳ ಬುಡದಲ್ಲಿ, ಪಾಟಣೆ ಎಂಬ ಪ್ರಾಚೀನ ಸ್ಥಳವಿದೆ. ಮುಂಬಯಿಯ ವೈದ್ಯರೂ ವಿದ್ವಾಂಸರೂ ಆಗಿದ್ದ ಡಾ. ಭಾವೂ ದಾಜಿಯವರು ಅಲ್ಲಿಯ ದೇವಿಯ ಗುಡಿಯಲ್ಲಿದ್ದ ಶಾಸನವೊಂದನ್ನು 1865ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು. ಸೇವುಣರ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ ಚಂಗದೇವನು ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಒಂದು ಮಠವನ್ನು ಸ್ಥಾಪಿಸಿದನೆಂದೂ, ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿ ಬಿಟ್ಟನೆಂದೂ ಕ್ರಿ.ಶ. 1207ರ ಈ ಶಾಸನ ಹೇಳುತ್ತದೆ. ಸಂಸ್ಕೃತದಲ್ಲಿ ಆರಂಭವಾಗಿ ಹಳೆಯ ಮರಾಠಿಯಲ್ಲಿ ಮುಗಿಯುವ ಈ ಬರಹದಲ್ಲಿ ಗಾಣಗಳಿಂದ ಸಲ್ಲಬೇಕಾದ ಎಣ್ಣೆಯ ಪಾಲೂ ಸೇರಿದೆ. ಚಂಗದೇವನ ಅಜ್ಜನೇ ‘ಸಿದ್ಧಾಂತ ಶಿರೋಮಣಿ’ಯ ಕರ್ತೃವಾದ ಭಾಸ್ಕರಾಚಾರ್ಯನು.

ಭಾಸ್ಕರನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಹುಟ್ಟಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಈ ಗ್ರಂಥವನ್ನು ರಚಿಸಿದನೆಂಬುದು ಅವನ ಮಾತಿನಿಂದಲೇ ತಿಳಿದುಬರುತ್ತದೆ. ತನ್ನ ಊರು ಸಹ್ಯಾದ್ರಿಯ ಪರಿಸರದ ವಿಜ್ಜಡವಿಡವೆಂದು ಅವನು ಹೇಳಿಕೊಂಡಿದ್ದಾನೆ. ಅದು ಈಗಿನ ವಿಜಯಪುರವೆಂದು ಕೆಲವರು ವಾದಿಸಿದರೆ, ಪಾಟಣೆಯ ಆಸುಪಾಸಿನ ಸ್ಥಳವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ವಿವಾದ ಇನ್ನೂ ಮುಗಿದಿಲ್ಲ. ಇಲ್ಲಿ ಅದನ್ನು ಮುಗಿಸುವ ಅಗತ್ಯವೂ ಇಲ್ಲ. ಕನ್ನಡಿಗರಿಗೂ ಮರಾಠಿಗರಿಗೂ ಅವನು ಸಮಾನವಾಗಿ ಹಿರಿಯನು. ಆದರೆ ಹಿರಿಯರ ಹೆಸರನ್ನು ಹೇಳಿಕೊಳ್ಳುವವರು ಅವರು ಬಿಟ್ಟುಹೋದ ತಪ್ಪುಗಳನ್ನೂ ತಿಳಿದಿರಬೇಕು. ಅಂತಹ ತಪ್ಪುಗಳಲ್ಲಿ ಅತ್ಯಂತ ಸ್ವಾರಸ್ಯಕರವಾದುದು ತಾನೇ ತಿರುಗುವ ಚಕ್ರ, ಶಾಸ್ತ್ರದ ಮಾತಿನಲ್ಲಿ ‘ಸ್ವಯಂವಹ ಯಂತ್ರ’.

ಗೋಲಾಧ್ಯಾಯದ ಯಂತ್ರ ಪ್ರಕರಣದಲ್ಲಿ ಭಾಸ್ಕರನು ಇದರ ರಚನೆಯನ್ನು ವಿವರಿಸಿದ್ದಾನೆ. ಹಗುರವಾದ ಮರದಿಂದ ಗಾಲಿಯೊಂದನ್ನು ಮಾಡಬೇಕು. ಅದರ ಅರಗಳು ಒಳಗೆ ಪೊಳ್ಳಾಗಿ, ಒಂದೇ ಅಳತೆಯ ರಂಧ್ರವುಳ್ಳವಾಗಿ, ಸಮಾನ ಅಂತರದಲ್ಲಿ, ಎಲ್ಲವೂ ಒಂದೇ ಕಡೆಗೆ ಸ್ವಲ್ಪ ಬಾಗಿದಂತೆ ಇರಬೇಕು. ಪ್ರತಿಯೊಂದು ಅರದಲ್ಲಿಯೂ ಅರ್ಧದವರೆಗೆ ಪಾದರಸವನ್ನು ತುಂಬಿ ಬಾಯಿಯನ್ನು ಭದ್ರವಾಗಿ ಮುಚ್ಚಬೇಕು. ಎರಡು ಆಧಾರಗಳ ನಡುವೆ ಅಚ್ಚಿನ ಮೇಲೆ ನಿಲ್ಲಿಸಿದರೆ ಗಾಲಿಯು ತಾನಾಗಿಯೇ ತಿರುಗುವುದು. ಇದು ಆಚಾರ್ಯನ ಹೇಳಿಕೆ.

ಈ ಕಲ್ಪನೆ ಅವನಿಂದಲೇ ಆರಂಭವಾದುದಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟ ಸಿದ್ಧಾಂತ’ದಲ್ಲಿ ಪಾದರಸದ ಚಕ್ರವನ್ನು ಹೇಳಿದ್ದನು, ಅನಂತರ ಲಲ್ಲನೂ ಹೇಳಿದನು. ಇವರೆಲ್ಲರೂ ಜ್ಯೋತಿಷಿಗಳಾಗಿದ್ದರೆಂಬುದನ್ನು ಮರೆಯಬಾರದು. ಹಿಟ್ಟು ಬೀಸುವುದಾಗಲಿ ನೀರೆತ್ತುವುದಾಗಲಿ ಅವರ ಗುರಿಯಾಗಿರಲಿಲ್ಲ. ಆಕಾಶಗೋಲವು ಯಾರೂ ತಳ್ಳದೆ ಹಗಲಿರುಳು ತಿರುಗುವುದನ್ನು ಅವರು ಕಂಡಿದ್ದರು. ಅದರ ಪ್ರತಿಕೃತಿಯೂ ಹಾಗೆಯೇ ತಿರುಗಬೇಕೆಂಬ ಆಸೆ ಸಹಜವಾದುದು. ಆ ಆಕಾಶಚಕ್ರವೂ ಪುಕ್ಕಟೆಯಾಗಿ ನಡೆಯುತ್ತಿಲ್ಲವೆಂಬುದು ಬಹುಕಾಲದ ಮೇಲೆ ತಿಳಿಯಿತು. ಸಮುದ್ರದ ಉಬ್ಬರವಿಳಿತಗಳ ಘರ್ಷಣೆಯಿಂದ ಭೂಮಿಯ ಭ್ರಮಣ ಕುಂಠಿತವಾಗುತ್ತ, ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡಿನಂತೆ ದಿನದ ಅವಧಿ ದೀರ್ಘವಾಗುತ್ತಿದೆ.

ಭಾಸ್ಕರನ ಹೆಚ್ಚುಗಾರಿಕೆಯು ಚಕ್ರದಲ್ಲಿಲ್ಲ. ಚಕ್ರದ ಬಳಿಯಲ್ಲಿಯೇ ಅವನು ಆಡಿದ ಟೀಕೆಯಲ್ಲಿದೆ. ಲಲ್ಲಾದಿಗಳು ಹೇಳಿದ ಇನ್ನೊಂದು ಬಗೆಯ ಯಂತ್ರದಲ್ಲಿ ಕೆಳಗೆ ಬಾಯಿ ತೆರೆದ ನಳಿಕೆಯಿರುತ್ತದೆ. ಅಂತಹುದು ಸಾಪೇಕ್ಷವಾದುದು, ಎಂದರೆ ಬೇರೊಂದನ್ನು ಅವಲಂಬಿಸಿ ನಡೆಯುವಂಥದು. ಆದುದರಿಂದ ಅದು ಗ್ರಾಮ್ಯವೆಂದು ಅವನು ತಳ್ಳಿಹಾಕುತ್ತಾನೆ. ತಾನೇ ನಡೆಯುತ್ತದೆ ಎನ್ನಲಾದ ಯಂತ್ರದ ಮುಂದೆ ನಿಂತು, ಇದು ಯಾವುದನ್ನು ಅವಲಂಬಿಸಿದೆ ಎಂದು ಕೇಳಬೇಕೆಂಬ ನ್ಯಾಯವು ಇಲ್ಲಿ ಸ್ಪಷ್ಟವಾಗಿದೆ. ದುರ್ದೈವದಿಂದ ಆ ಪ್ರಶ್ನೆಯನ್ನು ಆಚಾರ್ಯನು ಪರರ ಯಂತ್ರಕ್ಕೆ ಹಾಕಿದನೇ ಹೊರತು ತನ್ನ ಪಾದರಸದ ಗಾಲಿಗೆ ಹಾಕಲಿಲ್ಲ.

ಹಾಕಿದ್ದರೆ ಏನು ಕಾಣುತ್ತಿತ್ತು? ಗಾಲಿಯ ಒಂದು ಮಗ್ಗುಲಲ್ಲಿ ಪಾದರಸವು ಅಂಚಿನ ಕಡೆಗೆ ಸರಿದು ಹೆಚ್ಚು ಬಲದಿಂದ ಕೆಳಕ್ಕೆಳೆಯುತ್ತದೆ ಎಂಬುದು ನಿಜ. ಆದರೆ ಕೆಳಗಿಳಿದ ಪಾದರಸವು ಮತ್ತೆ ಮೇಲೇರಲೇಬೇಕು. ಒಂದು ಸುತ್ತು ಮುಗಿಯುವಾಗ ಇಳಿತದಲ್ಲಿ ಗಳಿಸಿದುದೆಲ್ಲವೂ ಏರಿನಲ್ಲಿ ವೆಚ್ಚವಾಗಿ, ಉಳಿಕೆ ಸೊನ್ನೆಯಾಗುತ್ತದೆ. ಅಚ್ಚಿನ ಘರ್ಷಣೆಯ ಖರ್ಚು ಬೇರೆ. ಕೊನೆಗೆ ಗುರುತ್ವಕೇಂದ್ರವು ಅಚ್ಚಿನ ನೇರ ಕೆಳಗೆ ಬಂದು ಗಾಲಿ ನಿಲ್ಲುತ್ತದೆ. ಕಿರ್ದಿಯ ಒಂದು ಪುಟವನ್ನಷ್ಟೇ ನೋಡಿದವನಿಗೆ ಲಾಭವೆಂದು ತೋರಿದುದು ಎರಡೂ ಪುಟಗಳನ್ನು ಕೂಡಿಸಿದಾಗ ಮಾಯವಾಗುತ್ತದೆ.

ಈ ಕಲ್ಪನೆಯು ಭಾರತದಿಂದ ಅರಬರ ಮೂಲಕ ಯೂರೋಪಿಗೆ ಹೋಯಿತೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1960ರ ಸುಮಾರಿಗೆ ಪ್ರತಿಪಾದಿಸಿದನು. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ವಿಲ್ಲಾರ್ ದ ಓನ್‌ಕೂರ್ ಎಂಬವನ ಚಿತ್ರಪುಸ್ತಕದಲ್ಲಿ ಅಂತಹುದೇ ಚಕ್ರವು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಭಾರದ ಸ್ಥಾನವನ್ನು ಅಯಸ್ಕಾಂತವು ಆಕ್ರಮಿಸಿತು. 1269ರ ಆಗಸ್ಟ್ ತಿಂಗಳಲ್ಲಿ, ಇಟಲಿಯ ಲುಚೇರಾ ನಗರದ ಮುತ್ತಿಗೆಯ ಬಿಡಾರದಲ್ಲಿದ್ದ ಮಾರಿಕೂರಿನ ಪೀಟರನು ಅಯಸ್ಕಾಂತವನ್ನು ಕುರಿತು ಒಂದು ಪತ್ರ ಬರೆದನು. ಕಾಂತಧ್ರುವಗಳ ವಿಚಾರದಲ್ಲಿ ಅದು ಇಂದಿಗೂ ಗೌರವಾರ್ಹವಾದ ಶಾಸ್ತ್ರಗ್ರಂಥ. ಅದರ ಕೊನೆಯಲ್ಲಿಯೇ ಅಯಸ್ಕಾಂತದಿಂದ ನಿರಂತರ ತಿರುಗುವ ಹಲ್ಲಿನ ಚಕ್ರವೊಂದು ವರ್ಣಿತವಾಗಿದೆ. ಒಬ್ಬನೇ ವಿದ್ವಾಂಸನಲ್ಲಿ ಸತ್ಯವೂ ಭ್ರಮೆಯೂ ಒಟ್ಟಿಗೆ ಮನೆಮಾಡಿಕೊಂಡಿರಬಲ್ಲವೆಂಬುದಕ್ಕೆ ಭಾಸ್ಕರನ ಜೊತೆಗೆ ಇವನೂ ಉದಾಹರಣೆ.

ಅಯಸ್ಕಾಂತದ ಚಕ್ರ ಏಕೆ ನಡೆಯದೆಂಬುದನ್ನು 1648ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಸರಳವಾಗಿ ತೋರಿಸಿದನು. ಇಳಿಜಾರಿನ ತುದಿಯಲ್ಲಿ ಒಂದು ಅಯಸ್ಕಾಂತವಿದೆ. ಅದು ಕಬ್ಬಿಣದ ಗುಂಡನ್ನು ಮೇಲಕ್ಕೆಳೆಯುತ್ತದೆ. ತುದಿಯ ಬಳಿಯ ರಂಧ್ರದಲ್ಲಿ ಗುಂಡು ಬಿದ್ದು ಕೆಳಗೆ ಬಂದು ಮತ್ತೆ ಏರತೊಡಗುತ್ತದೆ ಎಂದು ಭಾವಿಸೋಣ. ಗುಂಡನ್ನು ಅಷ್ಟು ದೂರದಿಂದ ಎಳೆಯಬಲ್ಲ ಕಾಂತವು ತನ್ನ ಹತ್ತಿರ ಬಂದ ಗುಂಡನ್ನು ರಂಧ್ರಕ್ಕೆ ಬೀಳಗೊಟ್ಟೀತೆ? ಸೆಳೆಯುವಾಗ ಕೊಟ್ಟುದನ್ನು ಬಿಡುವಾಗ ಅದು ಹಿಂದಕ್ಕೆ ಕೇಳುತ್ತದೆ. ಅಯಸ್ಕಾಂತದಲ್ಲಿ ಬಲವಿರುವುದು ನಿಜ. ಆದರೆ ಬಲವೇ ಶಕ್ತಿಯಲ್ಲ. ಗೋಡೆಯ ಗೂಟವು ಚೀಲವನ್ನು ವರ್ಷಗಟ್ಟಲೆ ಹೊತ್ತು ನಿಂತರೂ ಅದರಿಂದ ಒಂದು ಬಿಂದಿಗೆ ನೀರನ್ನೂ ಎತ್ತಿಸಲಾಗದು.

ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ, ನಿರಂತರ ಚಲನೆಯ ಯಂತ್ರಗಳನ್ನು ತಾನು ಇನ್ನು ಪರಿಶೀಲಿಸುವುದಿಲ್ಲವೆಂದು ಸಾರಿತು. ಈ ಹುಚ್ಚಿನಿಂದ ಸಂಸಾರಗಳು ಹಾಳಾದುವೆಂಬ ಮರುಕವೂ ಆ ನಿರ್ಣಯದಲ್ಲಿ ಸೇರಿದ್ದಿತು. ಇನ್ನೂ ಸಿದ್ಧಾಂತವು ಪೂರ್ಣವಾಗಿರಲಿಲ್ಲ. 1840ರ ದಶಕದಲ್ಲಿ ಮಾಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇವರ ಕೆಲಸದಿಂದ ಶಕ್ತಿನಿತ್ಯತೆಯ ನಿಯಮವು ಸ್ಥಿರಪಟ್ಟಿತು: ಶಕ್ತಿಯು ರೂಪವನ್ನು ಬದಲಿಸಬಹುದು, ಇಲ್ಲದಲ್ಲಿಂದ ಹುಟ್ಟಲಾರದು.

ನಿಯಮವು ಸ್ಥಿರಪಟ್ಟ ಮೇಲೆಯೂ ವ್ಯಾಪಾರ ನಿಲ್ಲಲಿಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಕೀಲಿ ಎಂಬವನು 1870ರ ದಶಕದಿಂದ ಹೊಸ ಶಕ್ತಿಯೊಂದರ ಹೆಸರಿನಲ್ಲಿ ಕಂಪನಿ ಕಟ್ಟಿ ಷೇರುದಾರರ ಹಣದಿಂದ ಪ್ರದರ್ಶನಗಳನ್ನು ನಡೆಸುತ್ತಿದ್ದನು. 1898ರಲ್ಲಿ ಅವನು ತೀರಿಕೊಂಡ ಬಳಿಕ ಅವನ ಕಾರ್ಯಾಗಾರದ ನೆಲದಡಿಯಲ್ಲಿ ಉಕ್ಕಿನ ದೊಡ್ಡ ಗೋಲವೊಂದು ಸಿಕ್ಕಿತು. ಅದು ಒತ್ತಿದ ಗಾಳಿಯ ಭಂಡಾರವೆಂದು ಪರೀಕ್ಷಕರು ಊಹಿಸಿದರು. ಮಿಸಿಸಿಪ್ಪಿಯ ಜೋಸೆಫ್ ನ್ಯೂಮನ್ ತನ್ನ ಕಾಂತಯಂತ್ರಕ್ಕೆ ಪೇಟೆಂಟು ಬೇಕೆಂದು ನ್ಯಾಯಾಲಯಕ್ಕೆ ಹೋದಾಗ, 1986ರಲ್ಲಿ ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆಯು ಅದನ್ನು ಅಳೆದು ನೋಡಿತು. ಪ್ರತಿಯೊಂದು ಪರೀಕ್ಷೆಯಲ್ಲಿಯೂ ಹೊರಬಂದ ಶಕ್ತಿಯು ಒಳಹೋದುದಕ್ಕಿಂತ ಕಡಿಮೆಯಾಗಿಯೇ ಇದ್ದಿತು.

ಇಷ್ಟರಿಂದ ಇಂತಹವರೆಲ್ಲರೂ ವಂಚಕರೆಂದು ತೀರ್ಮಾನಿಸಿದರೆ ತಪ್ಪಾದೀತು. ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಸಂಗವು ಈ ಎಚ್ಚರಿಕೆಯನ್ನು ಕಲಿಸುತ್ತದೆ. ಉತ್ತರ ಕನ್ನಡದ ಕಾಳೀ ನದಿಯ ದಡದ ಕೈಗಾ ಪರಮಾಣು ಯೋಜನೆಯ ನಿರ್ದೇಶಕರಾಗಿದ್ದ ಪರಮಹಂಸ ತಿವಾರಿಯವರು ಬನಾರಸಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ ಭಾರತದ ಪರಮಾಣು ವಿದ್ಯುತ್ ನಿರ್ಮಾಣದಲ್ಲಿ ಉನ್ನತ ಹೊಣೆಗಳನ್ನು ಹೊತ್ತವರು. ಶೂನ್ಯಾಕಾಶದ ಸುಳಿಗಳಿಂದಲೇ ದ್ರವ್ಯ ಹುಟ್ಟುತ್ತದೆಂಬ ಸ್ವಂತ ಸಿದ್ಧಾಂತವನ್ನು ಅವರು ಕಟ್ಟಿದ್ದರು. ಅದಕ್ಕನುಗುಣವಾಗಿ, 1831ರಲ್ಲಿ ಫ್ಯಾರಡೆಯು ತೋರಿಸಿದ ತಾಮ್ರದ ತಟ್ಟೆಯ ಜನರೇಟರನ್ನು ಹೋಲುವ ಯಂತ್ರವೊಂದನ್ನು 1980ರ ದಶಕದಲ್ಲಿ ರೂಪಿಸಿದರು. ಅಯಸ್ಕಾಂತವೂ ಅದರೊಡನೆಯೇ ತಿರುಗುತ್ತಿದ್ದ ಆ ಯಂತ್ರವು ಒಳಗೊಂಡ ಶಕ್ತಿಗಿಂತ ಹೆಚ್ಚನ್ನು ಹೊರಗೆ ಕೊಡುತ್ತದೆಂಬುದು ಅವರ ವಾದವಾಗಿತ್ತು. ನಿವೃತ್ತಿಯ ಅನಂತರವೂ ಬೇರೊಂದು ಮಾದರಿಯ ಜನರೇಟರಿನ ಮೇಲೆ ದುಡಿದು ಅವರು 2017ರಲ್ಲಿ ತೀರಿಕೊಂಡರು. ಅವರ ವಿದ್ಯೆಯನ್ನಾಗಲಿ ನಿಷ್ಠೆಯನ್ನಾಗಲಿ ಸಂದೇಹಿಸಲು ಕಾರಣವಿಲ್ಲ. ಆದರೆ ವಿಜ್ಞಾನದಲ್ಲಿ ನಿಷ್ಠೆಯು ಸಾಕ್ಷ್ಯದ ಸ್ಥಾನವನ್ನು ತುಂಬಲಾರದು.

ಸಾಕ್ಷ್ಯವು ಯಾವುದಾಗಬೇಕಿತ್ತು? ಒಂದು ಯಂತ್ರವು ಕೊಂಡುದರ ಇಮ್ಮಡಿಯನ್ನು ಕೊಡುವುದಾದರೆ, ಅದರಲ್ಲಿ ಅರ್ಧವನ್ನು ಅದನ್ನು ನಡೆಸುವ ಮೋಟಾರಿಗೇ ತಿರುಗಿಸಿ ಹೊರಗಿನ ತಂತಿಯನ್ನು ಕಿತ್ತುಹಾಕಬಹುದು. ಹಾಗೆ ನಡೆದ ಯಂತ್ರವು ಸ್ವತಂತ್ರ ಪರೀಕ್ಷಕರ ಮುಂದೆ ಸಿದ್ಧಪಟ್ಟಿಲ್ಲ; ಯಾವ ಊರಿಗೂ ಅದರಿಂದ ಬೆಳಕು ಬಂದಿಲ್ಲ. ಸಾಮಾನ್ಯವಾಗಿ ಇಂತಹ ಯಂತ್ರಗಳ ಅಳತೆಯಲ್ಲಿಯೇ ತೊಡಕಿದೆ. ಪರ್ಯಾಯ ಪ್ರವಾಹದಲ್ಲಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದ ಮಾತ್ರಕ್ಕೆ ನಿಜವಾದ ಶಕ್ತಿ ದೊರೆಯುವುದಿಲ್ಲ. ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಅದನ್ನು ಬಿಟ್ಟರೆ ಇಲ್ಲದ ಜಮೆಯು ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಬ್ಯಾಟರಿಯ ಸಂಚಯವನ್ನು ಎಣಿಸದಿರುವುದು, ಮೊದಲು ಕೈಯಿಂದ ತಿರುಗಿಸಿದ ವೇಗವನ್ನೇ ಉತ್ಪತ್ತಿಯೆಂದು ಭಾವಿಸುವುದು, ಹೊರೆಯಿಲ್ಲದೆ ತಿರುಗುವುದನ್ನು ದುಡಿಮೆಯೆಂದು ಎಣಿಸುವುದು, ಇವು ಉಳಿದ ಸಾಮಾನ್ಯ ತಪ್ಪುಗಳು.

ಅದೇ ಕೈಗಾದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯ ಮೊದಲನೆಯ ಘಟಕವು 2016ರ ಮೇ 13ರಂದು ಆರಂಭಿಸಿದ ಓಟವನ್ನು 2018ರ ಡಿಸೆಂಬರ್ 31ರಂದು ನಿಲ್ಲಿಸಿತು. 962 ದಿನಗಳ ಈ ಅವಿಚ್ಛಿನ್ನ ನಡಿಗೆಯು ಆ ಹೊತ್ತಿಗೆ ಜಗತ್ತಿನಲ್ಲಿಯೇ ಅತ್ಯಂತ ದೀರ್ಘವಾದುದೆನಿಸಿತು. 220 ಮೆಗಾವಾಟಿನ ಆ ಘಟಕವು ಈ ಅವಧಿಯಲ್ಲಿ ಕೊಟ್ಟ ವಿದ್ಯುತ್ತು ಸುಮಾರು 500 ಕೋಟಿ ಯೂನಿಟ್ಟು. ಅದು ಸ್ವಯಂವಹವಾಗಿರಲಿಲ್ಲ. ನಡೆಯುತ್ತಿರುವಂತೆಯೇ ಅದರೊಳಕ್ಕೆ ಹೊಸ ಯುರೇನಿಯಂ ಇಂಧನವನ್ನು ಇಳಿಸಬೇಕಾಗಿತ್ತು, ಸವೆದುದನ್ನು ತೆಗೆಯಬೇಕಾಗಿತ್ತು. ಮೂರು ಪಾಳಿಗಳಲ್ಲಿ ನೌಕರರು ಕಣ್ಣಿಟ್ಟು ಕಾಯಬೇಕಾಗಿತ್ತು. ಆಚಾರ್ಯನ ಮಾತಿನಲ್ಲಿ ಹೇಳುವುದಾದರೆ ಅದು ಸಂಪೂರ್ಣವಾಗಿ ಸಾಪೇಕ್ಷ ಯಂತ್ರ. ಅವಲಂಬನೆಯನ್ನು ಒಪ್ಪಿಕೊಂಡ ಯಂತ್ರವು ನಾಡಿಗೆ ಬೆಳಕನ್ನು ಕೊಟ್ಟಿತು. ಅದನ್ನು ನಿರಾಕರಿಸಿದ ಯಂತ್ರಗಳಿಂದ ಅಷ್ಟೂ ಆಗಲಿಲ್ಲ.

ಈ ವಿಚಾರವು ಕೇವಲ ಪ್ರಾಚೀನರ ಚರ್ಚೆಯಲ್ಲ. ಇಂದು ಬಲವಾದ ಅಯಸ್ಕಾಂತಗಳೂ ನಯವಾದ ಬೇರಿಂಗುಗಳೂ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಇಂಧನವಿಲ್ಲದ ಮೋಟಾರಿನ ಚಲಚ್ಚಿತ್ರಗಳು ಅಂಗೈಯ ದೂರವಾಣಿಯಲ್ಲಿಯೇ ಕಾಣಸಿಗುತ್ತವೆ. ಡೊಂಬಿವಿಲಿ, ಅಂಬರನಾಥ, ರಬಾಳೆ, ತಳೋಜೆಗಳ ಕಾರ್ಖಾನೆಗಳಲ್ಲಿ ದುಡಿದು, ನಿವೃತ್ತಿಯ ಗಂಟನ್ನು ಕೈಯಲ್ಲಿ ಹಿಡಿದ ಕುಟುಂಬಗಳಿಗೆ ವಿದ್ಯುತ್ ಬಿಲ್ಲಿನಿಂದ ಬಿಡುಗಡೆಯ ಮಾತು ಹಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಸ್ಥಾಪಿತವಾದ ಪ್ರಕೃತಿನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದಕ್ಕೆ ಪೇಟೆಂಟು ಇಲ್ಲವೆಂದು 1970ರ ಭಾರತೀಯ ಪೇಟೆಂಟು ಕಾಯಿದೆಯ 3ನೆಯ ಕಲಮು ವಿಧಿಸಿದೆ. ಆದರೆ ಪೇಟೆಂಟನ್ನು ತಡೆಯುವ ಕಾಯಿದೆಯು ಮನೆಬಾಗಿಲಿಗೆ ಬಂದು ಪಾಲುದಾರರಾಗಿರೆಂದು ಕರೆಯುವವನನ್ನು ತಡೆಯಲಾರದು. ಆಗ ಭಾಸ್ಕರನ ಹೆಸರನ್ನೂ ಎಳೆದುತಂದು, ಹಿರಿಯರಿಗೆ ತಿಳಿದಿದ್ದ ರಹಸ್ಯವಿದೆಂದು ಹೇಳುವವರುಂಟು. ಅಂತಹವರಿಗೆ ಭಾಸ್ಕರನ ಪ್ರಶ್ನೆಯಿಂದಲೇ ಉತ್ತರ ಕೊಡಬಹುದು: ಇದು ಯಾವುದನ್ನು ಅವಲಂಬಿಸಿದೆ?

ಯಂತ್ರಗಳನ್ನೆಲ್ಲ ವಿವರಿಸಿದ ಆಚಾರ್ಯನು ಎಲ್ಲಕ್ಕಿಂತ ಮಿಗಿಲಾದುದು ಧೀಯಂತ್ರ, ಎಂದರೆ ಬುದ್ಧಿಯೆಂಬ ಯಂತ್ರ, ಎಂದಿದ್ದಾನೆ. ಆ ಬುದ್ಧಿಯೂ ತಾನಾಗಿಯೇ ತಿರುಗುವಂಥದಲ್ಲ. ಅವನ ಗ್ರಂಥಗಳನ್ನು ಮುಂದಿನವರು ಓದಲೆಂದು ಮೊಮ್ಮಗನು ಕಟ್ಟಿದ ಮಠವು ನಡೆದುದು ಗಾಣಿಗರು ಅಳೆದುಕೊಟ್ಟ ಎಣ್ಣೆಯಿಂದ. ಆ ಎಣ್ಣೆಯ ಲೆಕ್ಕವನ್ನು ಪಾಟಣೆಯ ಕಲ್ಲು ಎಂಟುನೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿದೆ.