ಬಾಕಿದಾರನಿಗೆ ಅಧಿಕಾರ ಸಲ್ಲುವುದೆ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಹಕಾರ ಸಂಘದ ಚುನಾವಣೆ ಬಂತೆಂದರೆ ಮೊದಲು ಚರ್ಚೆಗೆ ಬರುವುದು ಸುಸ್ತಿದಾರರ ಪಟ್ಟಿ. ಸಾಲ ಸುಸ್ತಿಯಾದ ಸದಸ್ಯ ಆಡಳಿತ ಮಂಡಳಿಗೆ ಆಯ್ಕೆಯಾಗುವಂತಿಲ್ಲ ಎನ್ನುತ್ತದೆ 1959ರ ಸಹಕಾರ ಸಂಘಗಳ ಕಾಯ್ದೆ. ತನ್ನ ಸಾಲ ತೀರಿಸದವನ ಕೈಗೆ ಹತ್ತು ಜನರ ಹಣ ಕೊಡಬಾರದೆಂಬ ಈ ತರ್ಕ ಈ ಸೀಮೆಗೆ ಹೊಸದೇನಲ್ಲ. ಸುಮಾರು ಎರಡು ಶತಮಾನಗಳ ಹಿಂದೆ ಅದು ಇಲ್ಲಿನ ಅಮಲ್ದಾರರನ್ನೂ, ಕೊನೆಗೆ ಮಹಾರಾಜರನ್ನೂ ಮುಟ್ಟಿತ್ತು.

ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ‘ಶರ್ತು’ ಪದ್ಧತಿ ಜಾರಿಯಲ್ಲಿತ್ತು. ತಾಲ್ಲೂಕಿನಿಂದ ಇಷ್ಟು ಕಂದಾಯ ಬಂದೇ ಬರುತ್ತದೆಂದು ಅಮಲ್ದಾರ ಬರೆದುಕೊಡಬೇಕು. ಹೆಚ್ಚು ಬಂದರೆ ಅದು ಸರ್ಕಾರದ್ದು. ಕಡಿಮೆಯಾದರೆ ಅಮಲ್ದಾರನೇ ತುಂಬಬೇಕು. ಮಳೆ ಹೋಯಿತು, ಬೆಳೆ ಒಣಗಿತು ಎಂಬ ಸಬೂಬಿಗೆ ಜಾಗವಿರಲಿಲ್ಲ. ಹೀಗೆ ಸಹಿ ಹಾಕಿದ ದಿನವೇ ಅಧಿಕಾರಿ ಸರ್ಕಾರದ ಸಾಲಗಾರನಾಗುತ್ತಿದ್ದ. ಆ ಸಾಲವನ್ನು ಆತ ಎಲ್ಲಿಂದ ತೀರಿಸಿಯಾನು? ರೈತನಿಂದಲೇ. ನಗರ ಸೀಮೆಯಲ್ಲಿ 1830ರಲ್ಲಿ ಎದ್ದ ರೈತರ ದಂಗೆಗೆ ಕಂದಾಯದ ಈ ಒತ್ತಡ ಮುಖ್ಯ ಕಾರಣಗಳಲ್ಲೊಂದು. ತರೀಕೆರೆಯ ಪಾಳೆಯಗಾರರ ಮನೆತನವೂ ದಂಗೆಯಲ್ಲಿ ಸೇರಿಕೊಂಡಿತು.

ಬ್ರಿಟಿಷರಿಗೆ ಇಷ್ಟೇ ಬೇಕಾಗಿತ್ತು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕಟ್ಟಬೇಕಿತ್ತು. ಅದು ನಿಂತುಹೋಗುವ ಭಯವಿದ್ದರೆ ಆಡಳಿತವನ್ನೇ ವಹಿಸಿಕೊಳ್ಳಬಹುದೆಂಬ ಮಾತೂ ಒಪ್ಪಂದದಲ್ಲಿತ್ತು. ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಅದನ್ನೇ ಹಿಡಿದು ಮಹಾರಾಜರಿಂದ ರಾಜ್ಯದ ಆಡಳಿತ ಕಿತ್ತುಕೊಂಡ. ಗಮನಿಸಬೇಕಾದದ್ದು: ಬಾಕಿ ಉಳಿಯಬಹುದೆಂಬ ಅನುಮಾನವೇ ಇಲ್ಲಿ ಸಾಕಾಯಿತು. ತನ್ನ ಕ್ರಮ ಸರಿಯೇ ಎಂಬ ಶಂಕೆ ಮುಂದೆ ಬೆಂಟಿಂಕನಿಗೇ ಬಂತು. ಆದರೆ ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, 50 ವರ್ಷಗಳ ನಂತರ.

ಸ್ವತಂತ್ರ ಭಾರತದ ಕಾನೂನು ಇಷ್ಟು ಕಠೋರವಲ್ಲ. ಬರಿಯ ಸಾಲಗಾರನನ್ನು ಸಂವಿಧಾನ ಶಾಸನಸಭೆಯಿಂದ ದೂರವಿಡುವುದಿಲ್ಲ; ನ್ಯಾಯಾಲಯ ದಿವಾಳಿಯೆಂದು ಘೋಷಿಸಿ, ಅದರಿಂದ ಇನ್ನೂ ಬಿಡುಗಡೆಯಾಗದವನಿಗಷ್ಟೇ ಅಡ್ಡಿ. ನೌಕರರ ವಿಷಯ ಬೇರೆ. ಕೇಂದ್ರ ಸರ್ಕಾರದ 1964ರ ನಡತೆ ನಿಯಮಗಳ ಪ್ರಕಾರ ನೌಕರ ಸಾಲ ಮಾಡುವುದನ್ನೇ ಚಾಳಿ ಮಾಡಿಕೊಳ್ಳಬಾರದು. ಸಾಲ ವಸೂಲಿಗೆ ತನ್ನ ಮೇಲೆ ದಾವೆ ಬಿದ್ದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಸಾಲ ದುಂದುಗಾರಿಕೆಯಿಂದಲ್ಲ, ಕೈಮೀರಿದ ಸಂಕಟದಿಂದ ಬಂದದ್ದೆಂದು ಸಾಧಿಸುವ ಹೊಣೆ ಮಾತ್ರ ನೌಕರನದೇ. ಅಮಲ್ದಾರನಿಗೆ ಇಲ್ಲದಿದ್ದ ಸಬೂಬಿನ ಬಾಗಿಲು ಇಲ್ಲಿ ತೆರೆದಿದೆ, ಅರ್ಧ ಮಾತ್ರ.

ಅಮೆರಿಕದಲ್ಲಿ ರಹಸ್ಯ ಕಡತ ನೋಡುವ ಹುದ್ದೆಗೆ ಅನುಮತಿ ನೀಡುವ ಮುನ್ನ ಸಾಲವನ್ನೂ ಪರಿಶೀಲಿಸುತ್ತಾರೆ. ಹಣದ ಇಕ್ಕಟ್ಟಿನಲ್ಲಿರುವವನನ್ನು ವಿದೇಶಿ ಗೂಢಚಾರರು ಸುಲಭವಾಗಿ ಕೊಳ್ಳಬಹುದೆಂಬ ಭಯ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ ಸಾಲಕ್ಕೆ ಕಾರಣವಾಗಿದ್ದರೆ ರಿಯಾಯಿತಿ ಉಂಟು. ನಮ್ಮಲ್ಲಿ ನೇಮಕಾತಿಗೆ ಮುನ್ನ ತುಂಬುವ ದೃಢೀಕರಣ ನಮೂನೆ ಕೇಳುವುದು ಬಂಧನ, ಮೊಕದ್ದಮೆ, ಶಿಕ್ಷೆಗಳ ಬಗ್ಗೆ.

ಸಾಲದ ಪ್ರಶ್ನೆ ನೇಮಕಾತಿಯ ಬಾಗಿಲಿಗೇ ಬಂದದ್ದು ಬ್ಯಾಂಕುಗಳಲ್ಲಿ. ಸರ್ಕಾರಿ ಬ್ಯಾಂಕುಗಳ ಗುಮಾಸ್ತೆ ಹುದ್ದೆಗಳಿಗೆ 2023ರಲ್ಲಿ ಹೊರಟ ಪ್ರಕಟಣೆ, ಅಭ್ಯರ್ಥಿಯ ಸಿಬಿಲ್ ದಾಖಲೆ ಸರಿಯಿರಬೇಕೆಂದಿತು. ಬ್ಯಾಂಕ್ ಸಾಲ ಮಾಡಿ ಓದಿದ, ಅಡಿಕೆಯ ಬೆಲೆ ಬಿದ್ದ ವರ್ಷ ಕಂತು ತಪ್ಪಿಸಿದ ರೈತನ ಮಗನಿಗೂ ಆಗ ಇದು ಅನ್ವಯಿಸುತ್ತಿತ್ತು. 2025ರಲ್ಲಿ ಮದ್ರಾಸ್ ಹೈಕೋರ್ಟಿಗೆ ಬಂದ ಪ್ರಕರಣವೊಂದರಲ್ಲಿ ಅಭ್ಯರ್ಥಿ, ತನ್ನ ಹಳೆಯ ಸಾಲಗಳೆಲ್ಲ ತೀರಿವೆ ಎಂದು ವಾದಿಸಿದ್ದ. ಹಿಂದಿನ ಸುಸ್ತಿಯ ಕಾರಣಕ್ಕೆ ಸ್ಟೇಟ್ ಬ್ಯಾಂಕ್ ನೇಮಕಾತಿ ರದ್ದುಪಡಿಸಿದ್ದನ್ನು ನ್ಯಾಯಾಲಯ ಎತ್ತಿಹಿಡಿಯಿತು.