ಜಖಂಗೊಂಡ ಅಧಿಕ ಸಾಮರ್ಥ್ಯದ ಹಳೆಯ ಕಾರನ್ನು ಖರೀದಿಸಿ ದುರಸ್ತಿಪಡಿಸುವ ಮುನ್ನ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಅಪಘಾತಕ್ಕೀಡಾದ, ನೆರೆಯಲ್ಲಿ ಮುಳುಗಿದ ಅಥವಾ ವರ್ಷಗಟ್ಟಲೆ ಓಡದೆ ನಿಂತ ಅಧಿಕ ಸಾಮರ್ಥ್ಯದ ಕಾರುಗಳು ಕಡಿಮೆ ಬೆಲೆಗೆ ದೊರೆಯುವುದರಿಂದ, ಅವುಗಳನ್ನು ಕೊಂಡು ದುರಸ್ತಿಪಡಿಸಿ ಬಳಸುವ ಆಸೆ ಸಹಜವಾದುದು. ಇಂತಹ ಖರೀದಿಯನ್ನು ಕಾನೂನು ನಿಷೇಧಿಸುವುದಿಲ್ಲ. ಆದರೆ ವಾಹನದ ದಾಖಲೆ, ತೆರಿಗೆ, ವಿಮೆ ಮತ್ತು ಸುರಕ್ಷತೆಗೆ ಸಂಬಂಧಿಸಿದ ಕೆಲವು ಅಂಶಗಳನ್ನು ಮುಂಗಡ ಹಣ ನೀಡುವ ಮೊದಲೇ ಪರಿಶೀಲಿಸದಿದ್ದಲ್ಲಿ, ವಾಹನವು ರಸ್ತೆಗಿಳಿಯದೆ ಕೊಟ್ಟಿಗೆಯಲ್ಲಿಯೇ ಉಳಿಯುವ ಸಂಭವವಿರುತ್ತದೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅಧಿಕ ಸಾಮರ್ಥ್ಯದ ಕಾರು ಎಂದರೆ ಕೋಟಿ ಬೆಲೆಯ ವಿದೇಶಿ ಕಾರು ಎಂದು ಭಾವಿಸಬೇಕಾಗಿಲ್ಲ. 2004ರಲ್ಲಿ ಭಾರತದ ಮಾರುಕಟ್ಟೆಗೆ ಬಂದ 1.8 ಲೀಟರ್ ಟರ್ಬೊ ಎಂಜಿನ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2015ರ ಫಿಯೆಟ್ ಅಬಾರ್ಥ್ ಪುಂಟೊ ಮುಂತಾದವು ಈ ವರ್ಗದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಇವುಗಳಲ್ಲಿ ಪೋಲೊ ತಯಾರಿಕೆಯು ದೇಶದಲ್ಲಿ 2022ರಲ್ಲಿ ನಿಂತಿದೆ. ಫಿಯೆಟ್ ಸಂಸ್ಥೆಯು ಪುಂಟೊ ಮಾದರಿಯನ್ನು ಅದಕ್ಕೂ ಮೊದಲೇ ಕೈಬಿಟ್ಟಿದೆ. ತಯಾರಿಕೆ ನಿಂತ ಮಾದರಿಯ ಬಿಡಿಭಾಗ ದೊರೆಯುವುದೇ ಎಂಬುದು ಕಾರಿನ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯಾಗಿದೆ.

ಇಂತಹ ಕಾರುಗಳು ಎಲ್ಲಿಂದ ಬರುತ್ತವೆ

ವಿಮೆ ಹೊಂದಿದ ಕಾರಿನ ದುರಸ್ತಿ ವೆಚ್ಚವು ಅದರ ವಿಮಾ ಘೋಷಿತ ಮೌಲ್ಯದ ಶೇ. 75ನ್ನು ಮೀರಿದಲ್ಲಿ ವಿಮಾ ಕಂಪನಿಯು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಮಾಲೀಕರಿಗೆ ಪರಿಹಾರ ಸಂದಾಯವಾದ ನಂತರ ಉಳಿದ ಕಾರು ಹರಾಜಿನ ಮೂಲಕ ವ್ಯಾಪಾರಿಗಳ ಕೈ ಸೇರುತ್ತದೆ. ಸದರಿ ಮೌಲ್ಯವು ಕಾರಿನ ವಯಸ್ಸಿಗೆ ಅನುಗುಣವಾಗಿ ಇಳಿಯುವುದರಿಂದ (ನಾಲ್ಕರಿಂದ ಐದು ವರ್ಷದ ಕಾರಿಗೆ ಸವಕಳಿಯೇ ಶೇ. 50), ಹಳೆಯದಾದ ಆದರೆ ಬಿಡಿಭಾಗ ದುಬಾರಿಯಾದ ಕಾರು ಮಧ್ಯಮ ಪ್ರಮಾಣದ ಅಪಘಾತದಲ್ಲಿಯೇ ಪೂರ್ಣ ನಷ್ಟದ ಪಟ್ಟಿಗೆ ಸೇರುತ್ತದೆ. ಅಂದರೆ ಪೂರ್ಣ ನಷ್ಟವೆಂಬ ಮಾತಿಗೆ ಕಾರು ನುಚ್ಚುನೂರಾಗಿದೆ ಎಂದೇ ಅರ್ಥವಲ್ಲ. ಆದರೆ ಅನುಭವಿ ಸರ್ವೇಯರ್ ಒಬ್ಬರು ಲೆಕ್ಕ ಹಾಕಿ, ಈ ದುರಸ್ತಿ ಗಿಟ್ಟುವುದಿಲ್ಲ ಎಂದು ಬರೆದಿದ್ದಾರೆ ಎಂಬುದು ಮಾತ್ರ ನಿಶ್ಚಿತ. ಖರೀದಿದಾರರು ಆ ಲೆಕ್ಕವನ್ನು ತಾವು ಹೇಗೆ ಸುಳ್ಳಾಗಿಸುವಿರಿ ಎಂದು ತಮ್ಮನ್ನೇ ಕೇಳಿಕೊಳ್ಳುವುದು ಒಳಿತು. ಕಡಿಮೆ ಕೂಲಿ ಮತ್ತು ಗುಜರಿಯಿಂದ ತಂದ ಬಾಗಿಲು, ಬಾನೆಟ್‌ಗಳಿಂದ ಸ್ವಲ್ಪ ಉಳಿತಾಯ ಸಾಧ್ಯ. ಏರ್‌ಬ್ಯಾಗ್, ನಿಯಂತ್ರಣ ಘಟಕ, ಟರ್ಬೊಗಳಲ್ಲಿ ಅದು ಸಾಧ್ಯವಿಲ್ಲ.

ಎರಡನೆಯ ಮೂಲ ನೆರೆ. 2015ರ ಮತ್ತು 2023ರ ಡಿಸೆಂಬರ್ ತಿಂಗಳಲ್ಲಿ ಚೆನ್ನೈ ನಗರದಲ್ಲಿ ಹಾಗೂ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳೂ ನೀರಿನಲ್ಲಿ ಮುಳುಗಿದ್ದವು. ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಭಾಗದವರಿಗೆ ಕಾವೇರಿ ಉಕ್ಕಿದಾಗ ಮನೆ, ಮೋಟಾರು, ಪಂಪ್‌ಸೆಟ್ಟುಗಳ ಗತಿ ಏನಾಗುತ್ತದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾರಿನ ವಿಷಯವೂ ಅದೇ. ಮೂರನೆಯದಾಗಿ, ದೆಹಲಿ ರಾಜಧಾನಿ ಪ್ರದೇಶದಲ್ಲಿ ಹಳೆಯ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ವಿಧಿಸಿದ ಹಾಗೂ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ನಿರ್ಬಂಧದ ನಂತರ, ಅಲ್ಲಿಂದ ಬೆಲೆ ಇಳಿದ ಕಾರುಗಳು ದಕ್ಷಿಣದ ರಾಜ್ಯಗಳಿಗೆ ಬಂದಿವೆ.

ದಾಖಲೆಗಳ ಪರಿಶೀಲನೆ

ಕಾರನ್ನು ನೋಡುವ ಮೊದಲು ಅದರ ನೋಂದಣಿ ಪ್ರಮಾಣ ಪತ್ರವನ್ನು ನೋಡತಕ್ಕದ್ದು. ನೋಂದಣಿ ಸಂಖ್ಯೆಯನ್ನು ವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್‌ನಲ್ಲಿ ನಮೂದಿಸಿ ನೋಂದಣಿಯ ಸ್ಥಿತಿ, ಅವಧಿ, ವಿಮೆ ಮತ್ತು ಸಾಲದ ನಮೂದುಗಳನ್ನು ತಾಳೆ ನೋಡಬಹುದು. ಕಳವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಸಮನ್ವಯ ಸೇವೆಯಲ್ಲಿ ಪರಿಶೀಲಿಸಬಹುದಾಗಿದೆ. ಇದು ಔಪಚಾರಿಕ ಮಾತಲ್ಲ. ಪೂರ್ಣ ನಷ್ಟವಾದ ಕಾರನ್ನು ಅದರ ದಾಖಲೆಗಾಗಿಯೇ ಕೊಂಡು, ಅದೇ ಮಾದರಿಯ ಕಳವು ಮಾಡಿದ ಕಾರಿನ ಮೇಲೆ ಅದರ ಚಾಸಿ ಸಂಖ್ಯೆಯನ್ನು ಅಚ್ಚೊತ್ತಿ ಮಾರುವ ಜಾಲಗಳು ದೇಶದ ಹಲವೆಡೆ ಪೊಲೀಸರಿಗೆ ಸಿಕ್ಕಿಬಿದ್ದಿವೆ. ಚಾಸಿ ಸಂಖ್ಯೆಯ ಸುತ್ತ ಉಜ್ಜಿದ, ಬೆಸುಗೆ ಹಾಕಿದ ಅಥವಾ ಹೊಸದಾಗಿ ಬಣ್ಣ ಬಳಿದ ಗುರುತು ಕಂಡಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗುವುದು ಸೂಕ್ತ. ಪೆನ್ಸಿಲ್‌ನಿಂದ ಸಂಖ್ಯೆಯ ಅಚ್ಚು ತೆಗೆದು ಅಕ್ಷರಗಳ ಸಾಲು ಸಮವಾಗಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು.

ವಾಹನವು ನಾಶವಾಗಿ ಅಥವಾ ಬಳಕೆಗೆ ಕಾಯಂ ಅಯೋಗ್ಯವಾಗಿ, ಮೋಟಾರು ವಾಹನಗಳ ಅಧಿನಿಯಮ 1988ರ ಪ್ರಕರಣ 55ರಂತೆ ಅದರ ನೋಂದಣಿ ರದ್ದಾಗಿದ್ದಲ್ಲಿ, ಅಂತಹ ಕಾರು ಬಿಡಿಭಾಗಗಳ ರಾಶಿ ಮಾತ್ರ. ಪೊಲೀಸ್ ಅಥವಾ ಇತರ ಇಲಾಖೆಗಳ ಹರಾಜಿನಲ್ಲಿ ಕೊಳ್ಳುವವರು, ವಾಹನವನ್ನು ವಾಹನವಾಗಿ ಮಾರಲಾಗುತ್ತಿದೆಯೇ ಅಥವಾ ಗುಜರಿಯಾಗಿ ಮಾರಲಾಗುತ್ತಿದೆಯೇ ಎಂಬುದನ್ನು ಹರಾಜು ಪ್ರಕಟಣೆಯಲ್ಲಿ ಓದಿ ತಿಳಿಯತಕ್ಕದ್ದು. ವಾಹನವಾಗಿ ಕೊಂಡಲ್ಲಿ ನಮೂನೆ-32ರಲ್ಲಿ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಸಾಲದ ನಮೂದು ಇದ್ದಲ್ಲಿ, ಸಾಲ ತೀರಿದೆ ಎಂಬ ಮಾರಾಟಗಾರರ ಮಾತು ಸಾಲದು. ಹಣಕಾಸು ಸಂಸ್ಥೆಯ ಸಹಿಯುಳ್ಳ ನಮೂನೆ-35 ಬೇಕು.

ಮಾಲೀಕತ್ವದ ವರ್ಗಾವಣೆಯ ಕುರಿತು ಮಾರುವವರೂ ಕೊಳ್ಳುವವರೂ ಸಮಾನವಾಗಿ ಉದಾಸೀನ ತೋರುವುದುಂಟು. ಪ್ರಕರಣ 50ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನಮೂನೆ-29 ಮತ್ತು 30ರಲ್ಲಿ ತಿಳಿಸಬೇಕು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಂತೆ, ವಾಹನ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ. ಜಖಂ ಕಾರಿನ ವಿಷಯದಲ್ಲಿ ಇದು ವಿಶೇಷವಾಗಿ ಅನ್ವಯಿಸುತ್ತದೆ. ದುರಸ್ತಿ ಮುಗಿದ ಮೇಲೆ ಹೆಸರು ಬದಲಿಸಿದರಾಯಿತು ಎಂದು ವರ್ಷಗಟ್ಟಲೆ ಬಿಟ್ಟ ಕಾರುಗಳೇ ಪರೀಕ್ಷಾರ್ಥವಾಗಿ ರಸ್ತೆಗಿಳಿದು ಅನಾಹುತಕ್ಕೀಡಾಗುತ್ತವೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಅಧಿಕೃತ ವ್ಯಾಪಾರಿಗಳಿಗೆ ಮಾರುವವರು ನಮೂನೆ-29ಸಿಯಲ್ಲಿ ತಿಳಿವಳಿಕೆ ನೀಡಿ ಈ ಹೊಣೆಯಿಂದ ಬಿಡುಗಡೆ ಹೊಂದಬಹುದು.

ಹೊರರಾಜ್ಯದ ಕಾರು

ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ದಾಟಿದರೆ ತಮಿಳುನಾಡು. ಯಳಂದೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 948 ಸತ್ಯಮಂಗಲದ ಕಡೆಗೆ ಸಾಗುತ್ತದೆ. ಹೀಗಾಗಿ ಈ ಮೂರು ತಾಲ್ಲೂಕುಗಳವರಿಗೆ ಈರೋಡ್, ಸೇಲಂ, ಕೊಯಮತ್ತೂರಿನ ಕಾರು ಬೆಂಗಳೂರಿನ ಕಾರಿನಷ್ಟೇ ಹತ್ತಿರ. ಹೊರರಾಜ್ಯದ ವಾಹನವನ್ನು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಟ್ಟುಕೊಂಡಲ್ಲಿ ಪ್ರಕರಣ 47ರಂತೆ ಹೊಸ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಇದಕ್ಕೆ ಮೂಲ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ (ನಮೂನೆ-28) ಮತ್ತು ನಮೂನೆ-27ರ ಅರ್ಜಿ ಬೇಕು.

ಇಲ್ಲಿ ಹಲವರು ಎಡವುವುದು ತೆರಿಗೆಯ ಲೆಕ್ಕದಲ್ಲಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯ ದರವು ಹೊಸ ಕಾರಿಗೆ 10 ಲಕ್ಷದಿಂದ 20 ಲಕ್ಷ ರೂ. ವರೆಗೆ ಶೇ. 17, ಅದಕ್ಕೂ ಮೇಲ್ಪಟ್ಟು ಶೇ. 18 ಇದ್ದು, ಉಪಕರ ಪ್ರತ್ಯೇಕ. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ಅನುಗುಣವಾಗಿ ಇದರಲ್ಲಿ ಕಡಿತ ದೊರೆಯುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯುವುದು ಕಾರಿನ ಮೂಲ ಬೆಲೆಯನ್ನು, ಜಖಂ ಸ್ಥಿತಿಯಲ್ಲಿ ನೀವು ಕೊಟ್ಟ ಬೆಲೆಯನ್ನಲ್ಲ. 30 ಲಕ್ಷದ ಕಾರನ್ನು 3 ಲಕ್ಷಕ್ಕೆ ತಂದವರಿಗೆ ತೆರಿಗೆಯೇ ಕಾರಿನ ಬೆಲೆಯ ಸಮೀಪ ಬಂದರೆ ಆಶ್ಚರ್ಯಪಡುವಂತಿಲ್ಲ. ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತೆರಿಗೆ ಮೊತ್ತವನ್ನು ಕೇಳಿ ತಿಳಿದ ನಂತರವೇ ಚೌಕಾಸಿಗೆ ಕೂರುವುದು ಲೇಸು.

ಕಾರಿನ ಪರಿಶೀಲನೆ

ಹೊರಮೈಯ ನೆಗ್ಗುಗಳಿಗೆ ಹೆದರಬೇಕಾಗಿಲ್ಲ, ಅವು ಟಿಂಕರಿಂಗ್‌ನಲ್ಲಿ ಸರಿಹೋಗುತ್ತವೆ. ಈಗಿನ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರದೆ, ತಗಡಿನ ಒಡಲೇ ಚಾಸಿಯಾಗಿರುತ್ತದೆ. ಮುಂಭಾಗದ ಉದ್ದುಕ್ಕಿನ ತೊಲೆಗಳು, ಬಾಗಿಲ ನಡುವಿನ ಕಂಬಗಳು ಮತ್ತು ಸಸ್ಪೆನ್ಷನ್ ಕೂರುವ ಜಾಗ ಬಾಗಿದ್ದಲ್ಲಿ ಅಳತೆಯ ಬೆಂಚಿನ ಮೇಲೆ ಎಳೆದು ಸರಿಪಡಿಸಬೇಕಾಗುತ್ತದೆ; ಸುತ್ತಿಗೆ ಮತ್ತು ಗ್ಯಾಸ್ ಬೆಸುಗೆಯ ಕೆಲಸ ಅದಲ್ಲ. ಬಾಗಿಲು, ಬಾನೆಟ್‌ಗಳ ಸಂದು ಎರಡೂ ಬದಿ ಸಮವಾಗಿದೆಯೇ, ಕಾರ್ಖಾನೆಯ ಚುಕ್ಕೆ ಬೆಸುಗೆಯ ಬದಲು ಉದ್ದನೆಯ ಬೆಸುಗೆ ಕಾಣುತ್ತದೆಯೇ ಎಂಬುದನ್ನು ಕಾರನ್ನು ಲಿಫ್ಟ್ ಮೇಲೇರಿಸಿ ನೋಡಬೇಕು.

ನೀರಿನಲ್ಲಿ ಮುಳುಗಿದ ಕಾರನ್ನು ತೊಳೆದು ಸುಗಂಧ ಹಾಕಿ ತೋರಿಸುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಸಿಗುತ್ತದೆ. ಸ್ಟೆಪ್ನಿಯ ಗುಂಡಿ, ಕಾರ್ಪೆಟ್ಟಿನ ಅಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ಇವು ಸುಳ್ಳು ಹೇಳುವುದಿಲ್ಲ. ಎಂಜಿನ್ ಒಳಗೆ ನೀರು ಸೇರಿದ್ದಾಗ ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಅದು ಸರಿಹೋದರೂ, ವೈರಿಂಗ್ ಮತ್ತು ನಿಯಂತ್ರಣ ಘಟಕಗಳ ಕನೆಕ್ಟರುಗಳು ತಿಂಗಳುಗಳ ನಂತರ ಒಂದೊಂದಾಗಿ ಕೆಡುತ್ತಾ ಹೋಗುತ್ತವೆ. ಅಪಘಾತದ ಕಾರು ಮತ್ತು ನೆರೆಯ ಕಾರು ಎರಡರಲ್ಲಿ ಒಂದನ್ನು ಆರಿಸಬೇಕಾದಲ್ಲಿ ಅಪಘಾತದ ಕಾರೇ ವಾಸಿ. ಅದರ ಗಾಯ ಕಣ್ಣಿಗೆ ಕಾಣುತ್ತದೆ.

ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡಲ್ಲಿ ಚೀಲ, ನಿಯಂತ್ರಣ ಘಟಕ ಮತ್ತು ಬಿಗಿಯುವ ಬೆಲ್ಟುಗಳ ಬದಲಾವಣೆ ಅಗತ್ಯ. ಖಾಲಿ ಮುಚ್ಚಳ ಹಾಕಿ, ಎಚ್ಚರಿಕೆ ದೀಪವನ್ನು ಉರಿಯದಂತೆ ಮಾಡಿ ಮಾರುವವರಿದ್ದಾರೆ. ಕೀಲಿ ತಿರುಗಿಸಿದಾಗ ಆ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇರುವುದೂ ದೋಷವೇ. ಬ್ರೇಕಿನ ವಿಷಯದಲ್ಲಿ ಈ ಭಾಗದವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ಬೆಟ್ಟದಿಂದ ತಾಳಬೆಟ್ಟಕ್ಕೆ ಇಳಿಯುವ ತಿರುವುಗಳಲ್ಲಿ ಅಥವಾ ದಿಂಬಂ ಘಾಟಿಯ 27 ತಿರುವುಗಳಲ್ಲಿ ಅಧಿಕ ವೇಗದ ಕಾರಿನ ಸವೆದ ಡಿಸ್ಕ್ ಮತ್ತು ಹಳೆಯ ಬ್ರೇಕ್ ಎಣ್ಣೆ ಕೈಕೊಟ್ಟರೆ, ಅದರ ಬೆಲೆಯನ್ನು ತೆರುವವರು ಕಾರಿನ ಒಳಗಿರುವವರು ಮಾತ್ರವಲ್ಲ.

ವೆಚ್ಚದ ಅಂದಾಜು

ಉದಾಹರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಕಾರಿಗೆ ಮಾರುಕಟ್ಟೆಯಲ್ಲಿ 6,00,000 ರೂ. ಬೆಲೆಯಿದ್ದು, ಮುಂಭಾಗ ಜಖಂಗೊಂಡ ಕಾರು 2,00,000 ರೂ.ಗೆ ದೊರೆಯುತ್ತದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಎಳೆದು ತರಲು 10,000, ಒಡಲಿನ ದುರಸ್ತಿಗೆ 1,20,000, ರೇಡಿಯೇಟರ್, ಎ.ಸಿ. ಕಂಡೆನ್ಸರ್, ದೀಪಗಳಿಗೆ 90,000, ಏರ್‌ಬ್ಯಾಗ್ ಮತ್ತು ಬೆಲ್ಟುಗಳಿಗೆ 80,000, ಎಂಜಿನ್ ಮೌಂಟ್, ಟರ್ಬೊ ಕೊಳವೆಗಳಿಗೆ 45,000, ಟೈರ್, ಬ್ಯಾಟರಿ, ಎಣ್ಣೆಗಳಿಗೆ 40,000, ಬಣ್ಣಕ್ಕೆ 50,000, ವರ್ಗಾವಣೆ ಮತ್ತು ವಿಮೆಗೆ 25,000. ಒಟ್ಟು 6,60,000 ರೂ. ಬಿಚ್ಚಿದ ಮೇಲೆ ಕಾಣುವ ದೋಷಗಳಿಗೆ ದುರಸ್ತಿ ವೆಚ್ಚ 4,25,000ದ ಶೇ. 20ರಂತೆ 85,000 ಸೇರಿಸಿದಲ್ಲಿ 7,45,000 ರೂ. ಆಗುತ್ತದೆ. ಈ ಕಾರು ಗಿಟ್ಟಬೇಕಾದರೆ ಅದರ ಬೆಲೆ 55,000 ರೂ. ಮೀರಬಾರದು. ಅಂಕಿಗಳು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಆದರೆ ಸುಸ್ಥಿತಿಯ ಕಾರಿನ ಬೆಲೆಯಿಂದ ಹಿಂದಕ್ಕೆ ಕಳೆಯುತ್ತಾ ಬರುವ ಈ ಕ್ರಮವೇ ಸರಿಯಾದುದು. ಜಖಂ ಕಾರಿನ ಬೆಲೆಯಿಂದ ಮುಂದಕ್ಕೆ ಕೂಡಿಸುತ್ತಾ ಹೋದವರು ಸಾಮಾನ್ಯವಾಗಿ ಅರ್ಧ ದಾರಿಯಲ್ಲಿ ನಿಲ್ಲಲಾರದೆ ಸಾಲಕ್ಕೆ ಕೈಹಾಕುತ್ತಾರೆ.

ಬಿಡಿಭಾಗಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದು ಸ್ವಲ್ಪ ಅನುಕೂಲ. ಹಳೆಯ ಅಂದಾಜು ಪಟ್ಟಿ ತೋರಿಸುವ ಗ್ಯಾರೇಜಿನಿಂದ ಹೊಸ ಪಟ್ಟಿ ಕೇಳಿ ಪಡೆಯಿರಿ.

ವಿಮೆಯ ಕುರಿತು: ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ. ಇಲ್ಲದೆ ಓಡಿಸಿದಲ್ಲಿ ಮೊದಲ ಬಾರಿಗೆ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಪೂರ್ಣ ನಷ್ಟದ ದಾಖಲೆಯಿರುವ ಕಾರಿಗೆ ಸಮಗ್ರ ವಿಮೆ ನೀಡಲು ಕಂಪನಿ ಒಪ್ಪದಿರಬಹುದು, ಮೊದಲೇ ವಿಚಾರಿಸಿ.

ಮಾರ್ಪಾಡುಗಳು ಮತ್ತು 15 ವರ್ಷ ಮೀರಿದ ವಾಹನಗಳು

ದುರಸ್ತಿಯ ನೆಪದಲ್ಲಿ ಬೇರೆ ಎಂಜಿನ್ ಕೂರಿಸುವುದು, ಸದ್ದು ಮಾಡುವ ಸೈಲೆನ್ಸರ್ ಹಾಕುವುದು ಸಲ್ಲದು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಪ್ರಕರಣ 182ಎ ಅನ್ವಯ ಪ್ರತಿ ಅನಧಿಕೃತ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಕೆಟ್ಟ ಎಂಜಿನ್ ಬದಲಿಗೆ ಅದೇ ಮಾದರಿಯ ಎಂಜಿನ್ ಅಳವಡಿಸುವಾಗಲೂ ಪೂರ್ವಾನುಮತಿ ಪಡೆದು ಸಂಖ್ಯೆಯನ್ನು ದಾಖಲಿಸತಕ್ಕದ್ದು.

ನೋಂದಣಿಯ 15 ವರ್ಷಗಳ ಅವಧಿ ಮುಗಿದ ನಂತರ ನಮೂನೆ-25ರಲ್ಲಿ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂ. ಇದ್ದು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ.ಗೆ ಏರಿಸಲಾಗಿದೆ. ಹಸಿರು ತೆರಿಗೆ ಪ್ರತ್ಯೇಕ. ವಿಳಂಬಕ್ಕೆ ತಿಂಗಳಿಗೆ 500 ರೂ. ಹೆಚ್ಚುವರಿ ಶುಲ್ಕವಿರುವುದರಿಂದ, ಅವಧಿ ಮುಗಿದು ನಾಲ್ಕು ವರ್ಷ ಕೊಟ್ಟಿಗೆಯಲ್ಲಿದ್ದ ಕಾರಿಗೆ ಇದೊಂದೇ ಬಾಬಿನಲ್ಲಿ 24,000 ರೂ. ಆಗುತ್ತದೆ.

ಹಳೆಯ ಯಂತ್ರವನ್ನು ಬದುಕಿಸುವ ಹವ್ಯಾಸವೇ ಮುಖ್ಯವಾದವರು ಬೇರೊಂದು ದಾರಿಯನ್ನು ಪರಿಗಣಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರೂ, ಅಲ್ಲಿ ತಯಾರಾದ ಯಜ್ಡಿ ರೋಡ್‌ಕಿಂಗ್ ಬೈಕನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕರು ಇಂದಿಗೂ ಈ ಭಾಗದಲ್ಲಿ ಸಿಗುತ್ತಾರೆ. ಕಂಪ್ಯೂಟರ್ ಘಟಕವಾಗಲಿ ಏರ್‌ಬ್ಯಾಗಾಗಲಿ ಇಲ್ಲದ ಆ ಯಂತ್ರದಲ್ಲಿ ನಷ್ಟಕ್ಕೂ ಒಂದು ಮಿತಿಯಿರುತ್ತದೆ. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು 2021ರ ನಿಯಮಗಳಂತೆ ವಿಂಟೇಜ್ ವಾಹನವೆಂದು 10 ವರ್ಷಗಳ ಅವಧಿಗೆ ನೋಂದಾಯಿಸಬಹುದು. ಇದಕ್ಕೆ ಶುಲ್ಕ 20,000 ರೂ. ಅಂತಹ ವಾಹನವನ್ನು ದೈನಂದಿನ ಓಡಾಟಕ್ಕೆ ಬಳಸುವಂತಿಲ್ಲ.

ಕೊಂಡ ನಂತರ ದುರಸ್ತಿ ಅಸಾಧ್ಯವೆಂದು ಕಂಡುಬಂದಲ್ಲಿ, ಕಾರನ್ನು ಬಿಡಿಭಾಗಗಳಾಗಿ ಮಾರಿ ದಾಖಲೆಯನ್ನು ಮನೆಯಲ್ಲಿಟ್ಟುಕೊಳ್ಳಬಾರದು. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣ ಪತ್ರ ಪಡೆದು, ನೋಂದಣಿಯನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಮೂರೂ ತಾಲ್ಲೂಕುಗಳ ಕೆ.ಎ.-10 ಸರಣಿಯ ವಾಹನಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಕಚೇರಿಗೆ ಸಲ್ಲಿಸಲು ಕೋರಲಾಗಿದೆ.